ಗಿನಿ ಪಿಗ್‌ಗೆ ವಾಸಿಯಾಗದ ಕ್ಯಾನ್ಸರ್: ಮನೆಯಲ್ಲಿ ಆರೈಕೆ ಹೇಗೆ?

ಕುತ್ತಿಗೆಯ ಕೆಳಗೆ ಗಂಟು ಕಂಡ ಮಾತ್ರಕ್ಕೆ ಗಿನಿ ಪಿಗ್‌ಗೆ ಕ್ಯಾನ್ಸರ್ ಆಗಿದೆಯೆಂದು ತೀರ್ಮಾನಿಸಬಾರದು. ಈ ಪ್ರಾಣಿಯ ಕುತ್ತಿಗೆಯ ದುಗ್ಧರಸ ಗ್ರಂಥಿಗಳು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದಲೂ ಕೀವು ತುಂಬಿ ಊದಿಕೊಳ್ಳುತ್ತವೆ, ಅದಕ್ಕೆ ಚಿಕಿತ್ಸೆಯಿದೆ. ಬೆನ್ನಿನ ಹಿಂಭಾಗದಲ್ಲಿ ಕೂದಲಿನ ಬುಡದಿಂದ ಬೆಳೆಯುವ ಗಡ್ಡೆಯೂ ಸಾಮಾನ್ಯವಾಗಿ ನಿರಪಾಯಕಾರಿಯಾಗಿದ್ದು, ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಯಬಹುದು. ಹಾಗಾಗಿ ವೈದ್ಯರು ಸೂಜಿಯಿಂದ ಗಂಟಿನೊಳಗಿನ ಜೀವಕೋಶಗಳನ್ನು ತೆಗೆದು ಪರೀಕ್ಷಿಸಿ, ಇದು ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್) ಅಥವಾ ಹರಡಿದ ಬೇರೊಂದು ಕ್ಯಾನ್ಸರ್, ಇನ್ನು ವಾಸಿಯಾಗದು ಎಂದು ಹೇಳಿದ ನಂತರವೇ ಮುಂದಿನ ಮಾತು. ಲಿಂಫೋಮಾ ಆಗಿದ್ದರೆ ಉಳಿದಿರುವುದು ಬಹುತೇಕ ಕೆಲವೇ ವಾರಗಳು. ಸ್ತನದ ಗಡ್ಡೆಯಂಥವು, ಗಂಡು ಗಿನಿ ಪಿಗ್‌ಗಳಲ್ಲೂ ಇವು ಕಾಣಿಸುತ್ತವೆ, ಕೆಲವೊಮ್ಮೆ ಹೆಚ್ಚು ಕಾಲ ಕೊಡುತ್ತವೆ.

ವಿಜಯಪುರದಂಥ ಊರಿನಲ್ಲಿ ಪಶುವೈದ್ಯರ ಬಳಿಗೆ ಎಮ್ಮೆ, ಆಕಳು, ಆಡು, ಕುರಿಗಳೇ ಹೆಚ್ಚಾಗಿ ಬರುತ್ತವೆ. ಮುಕ್ಕಾಲು ಕಿಲೋ ತೂಗುವ ರೋಗಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗಲು ಸಂಕೋಚಪಡಬೇಕಿಲ್ಲ. ಆದರೆ ಇಂದಿನ ತೂಕವನ್ನೂ, ಪ್ರಾಣಿ ತಿನ್ನುವುದನ್ನು ಯಾವಾಗಿನಿಂದ ಕಡಿಮೆ ಮಾಡಿದೆ ಎಂಬುದನ್ನೂ ಬರೆದುಕೊಂಡು ಹೋಗಬೇಕು. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್‌ಗಳು ಇದರ ಕರುಳಿನ ಸೂಕ್ಷ್ಮಜೀವಿಗಳನ್ನು ಕೆಡಿಸಿ ಪ್ರಾಣಕ್ಕೇ ಎರವಾಗಬಲ್ಲವು ಎಂಬುದನ್ನು ವೈದ್ಯರಿಗೆ ವಿನಯದಿಂದ ನೆನಪಿಸುವುದರಲ್ಲಿ ತಪ್ಪಿಲ್ಲ.

ನೋವು ಮೊದಲು

ಬೇಟೆಗೆ ತುತ್ತಾಗುವ ಪ್ರಾಣಿಯಾದ್ದರಿಂದ ಗಿನಿ ಪಿಗ್ ನೋವನ್ನು ಮುಚ್ಚಿಟ್ಟುಕೊಳ್ಳುತ್ತದೆ, ಕೂಗಿ ಹೇಳುವುದಿಲ್ಲ. ಬೆನ್ನು ಗೂನು ಮಾಡಿ ಮೂಲೆಯಲ್ಲಿ ಕೂರುವುದು, ಮೈಗೂದಲು ಉಬ್ಬಿರುವುದು, ಕಣ್ಣು ಅರೆಮುಚ್ಚಿರುವುದು, ಹಲ್ಲು ಕಡಿಯುವುದು, ಕೊತ್ತಂಬರಿಯ ಸಪ್ಪಳ ಕೇಳಿದರೂ ಓಡಿ ಬಾರದಿರುವುದು ಇವೆಲ್ಲ ನೋವಿನ ಗುರುತುಗಳು. ಇದಕ್ಕೆ ವೈದ್ಯರು ಹೆಚ್ಚಾಗಿ ಬರೆದುಕೊಡುವುದು ಮೆಲಾಕ್ಸಿಕಾಮ್. ರಣಹದ್ದುಗಳ ಸಾವಿಗೆ ಕಾರಣವಾಗಿದ್ದ ಡೈಕ್ಲೊಫೆನಾಕ್ ಅನ್ನು 2006ರಲ್ಲಿ ನಮ್ಮ ದೇಶದ ಪಶುಚಿಕಿತ್ಸೆಯಲ್ಲಿ ನಿಷೇಧಿಸಿದಾಗ ಅದರ ಬದಲಿಗೆ ಮುಂದೆ ಬಂದ ಔಷಧವೇ ಇದು. ಆದ್ದರಿಂದ ದನಗಳ ಆಸ್ಪತ್ರೆಗೂ ಇದು ಹೊಸದಲ್ಲ. ಆದರೆ ದನಕ್ಕೆ ಕೊಡುವ ಚುಚ್ಚುಮದ್ದು ತೀರ ಪ್ರಬಲವಾಗಿರುವುದರಿಂದ ಪ್ರಮಾಣವನ್ನು ವೈದ್ಯರೇ ತೂಕ ನೋಡಿ ಲೆಕ್ಕ ಹಾಕಬೇಕು. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಮುರಿದು ಕೊಡುವುದು ಬೇಡ. ನೋವು ಕಂಡಾಗಲಷ್ಟೇ ಕೊಟ್ಟರಾಯಿತು ಎಂದುಕೊಳ್ಳದೆ ಹೇಳಿದ ಹೊತ್ತಿಗೆ ತಪ್ಪದೆ ಕೊಡಬೇಕು, ಏಕೆಂದರೆ ನೋವಿನಲ್ಲಿರುವ ಗಿನಿ ಪಿಗ್ ತಿನ್ನುವುದಿಲ್ಲ, ತಿನ್ನದ ಗಿನಿ ಪಿಗ್‌ನ ಕರುಳು ನಿಂತುಬಿಡುತ್ತದೆ.

ತಿನ್ನಿಸುವುದು

ಆರೈಕೆಯ ಬಹುಪಾಲು ಶ್ರಮ ಇಲ್ಲಿಯೇ ಇದೆ. ಅರ್ಧ ದಿನದಿಂದ ಒಂದು ದಿನ ಹೊಟ್ಟೆ ಖಾಲಿ ಉಳಿದರೂ ಕರುಳಿನ ಚಲನೆ ನಿಂತು, ಹೊಟ್ಟೆ ಉಬ್ಬರಿಸಿ, ಗಡ್ಡೆಗಿಂತ ಮೊದಲೇ ಹಸಿವು ಪ್ರಾಣ ತೆಗೆಯಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ತುಪ್ಪಳದ ಅಡಿಯಲ್ಲಿ ಮೈ ಸೊರಗುವುದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ. 50 ಗ್ರಾಂ ಇಳಿದರೆ ಎಚ್ಚರಗೊಳ್ಳಬೇಕು, ಒಟ್ಟು ತೂಕದ ಹತ್ತನೆಯ ಒಂದು ಭಾಗ ಇಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಒಣ ಹುಲ್ಲು ಸದಾ ಮುಂದಿರಲಿ. ಬೆಳೆದ ಗಿನಿ ಪಿಗ್‌ಗಳಿಗೆ ಕ್ಯಾಲ್ಸಿಯಂ ಹೆಚ್ಚಾಗಿ ಮೂತ್ರಕೋಶದಲ್ಲಿ ಕಲ್ಲು ಬರುತ್ತದೆಂದು ಕುದುರೆ ಮೆಂತ್ಯವನ್ನು (ಲೂಸರ್ನ್ ಮೇವು) ಬೇಡವೆನ್ನುತ್ತಾರೆ. ಆದರೆ ಉಳಿದಿರುವುದು ವಾರಗಳು ಮಾತ್ರ ಎಂದಾಗ ಅದರ ಎರಡು ಎಸಳು ಆಸೆಯಿಂದ ತಿಂದರೆ ತಡೆಯುವುದು ನನ್ನ ಮಟ್ಟಿಗೆ ಅನವಶ್ಯಕ ಶಿಸ್ತು. ನಮ್ಮಂತೆಯೇ ಈ ಪ್ರಾಣಿಗೂ ಸಿ ಜೀವಸತ್ವವನ್ನು ಮೈಯಲ್ಲಿ ತಯಾರಿಸಿಕೊಳ್ಳಲು ಆಗುವುದಿಲ್ಲ. ಆರೋಗ್ಯವಂತ ಗಿನಿ ಪಿಗ್‌ಗೆ ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿ.ಗ್ರಾಂ ಸಾಕು, ಕಾಯಿಲೆ ಬಿದ್ದಾಗ ಇನ್ನೂ ಹೆಚ್ಚು ಬೇಕಾಗುತ್ತದೆ. ಡೊಣ್ಣ ಮೆಣಸಿನಕಾಯಿ, ಕೊತ್ತಂಬರಿ, ಪೇರಲದ ಚೂರುಗಳಿಂದ ಅದು ಸಿಗುತ್ತದೆ. ಔಷಧದಂಗಡಿಯ 500 ಮಿ.ಗ್ರಾಂ ಮಾತ್ರೆಯೊಂದು ಹಲವು ದಿನಗಳ ಪ್ರಮಾಣವಾದ್ದರಿಂದ ಕೇಳದೆ ಕೊಡಬಾರದು. ನೀರಿಗೆ ಹಾಕಿದರೆ ಅದರ ಸತ್ವ ಬೇಗ ನಾಶವಾಗುತ್ತದೆ. ರೊಟ್ಟಿ, ಆಲೂಗಡ್ಡೆ, ಉಳ್ಳಾಗಡ್ಡಿ, ಬೆಳ್ಳುಳ್ಳಿಗಳನ್ನು ಮಾತ್ರ ಪ್ರೀತಿಯಿಂದಲೂ ಕೊಡಬಾರದು.

ತಾನಾಗಿ ತಿನ್ನುವುದು ಸಾಲದಾದಾಗ ಸಿರಿಂಜಿನಿಂದ ತಿನ್ನಿಸಬೇಕಾಗುತ್ತದೆ. ಹುಲ್ಲಿನಿಂದ ತಯಾರಿಸಿದ ಕಾಯಿಲೆ ಬಿದ್ದ ಪ್ರಾಣಿಗಳ ಆಹಾರದ ಪುಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದು ಬರುವವರೆಗೆ ಗಿನಿ ಪಿಗ್ ಪೆಲೆಟ್‌ಗಳನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಮಿಕ್ಸರ್‌ನಲ್ಲಿ ಅರೆದು, ಅಂಬಲಿಯ ಹದಕ್ಕೆ ತಂದುಕೊಳ್ಳಿ. ಪ್ರಾಣಿಯನ್ನು ಟವೆಲ್‌ನಲ್ಲಿ ಸುತ್ತಿ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ. ಎಂದಿಗೂ ಅಂಗಾತ ಮಲಗಿಸಬೇಡಿ, ಆಹಾರ ಶ್ವಾಸನಾಳಕ್ಕೆ ಇಳಿಯುತ್ತದೆ. 1 ಮಿ.ಲೀ. ಸಿರಿಂಜನ್ನು ಮುಂಬಲ್ಲುಗಳ ಹಿಂದೆ, ಬಾಯಿಯ ಪಕ್ಕದಿಂದ ತೂರಿಸಿ ಸ್ವಲ್ಪ ಸ್ವಲ್ಪವೇ ಬಿಡಿ. ಅಗಿದು ನುಂಗುವವರೆಗೆ ಕಾಯಿರಿ. ಏನೂ ತಿನ್ನದ ಪ್ರಾಣಿಗೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 80 ಮಿ.ಲೀ. ಬೇಕಾಗುವುದರಿಂದ ಅದನ್ನು ನಾಲ್ಕಾರು ಸಲ ಹಂಚಿ ಕೊಡುವುದು ಒಳ್ಳೆಯದು.

ವಿಜಯಪುರದ ಬಿಸಿಲು

ಈ ಪ್ರಾಣಿಗೆ ಹಿತವಾದ ಉಷ್ಣತೆ 18ರಿಂದ 24 ಡಿಗ್ರಿ ಸೆಲ್ಸಿಯಸ್. 28 ದಾಟಿದರೆ ಕಷ್ಟ. ಏಪ್ರಿಲ್-ಮೇ ತಿಂಗಳಲ್ಲಿ 40 ಮುಟ್ಟುವ ನಮ್ಮ ಊರಿನಲ್ಲಿ, ಬಾಗಲಕೋಟೆಯಲ್ಲೂ ಅಷ್ಟೇ, ಬಿಸಿಲು ಎರಡನೆಯ ರೋಗವಿದ್ದಂತೆ. ಗೂಡನ್ನು ಪತ್ರಾಸಿನ ಕೆಳಗಾಗಲಿ ಮಾಳಿಗೆಯ ಮೇಲಿನ ಕೋಣೆಯಲ್ಲಾಗಲಿ ಇಡದೆ, ಮನೆಯ ಅತ್ಯಂತ ತಂಪಾದ ನಡುಮನೆಯ ನೆಲದ ಮೇಲಿಡಿ. ಶಹಾಬಾದ್ ಪರಸಿಯ (ಹಾಸುಗಲ್ಲಿನ) ಒಂದು ತುಂಡನ್ನು ಗೂಡಿನೊಳಗೆ ಹಾಕಿದರೆ ಬೇಕೆಂದಾಗ ಅದರ ಮೇಲೆ ಮಲಗುತ್ತದೆ. ಕೂಲರ್‌ನ ಗಾಳಿ ನೇರವಾಗಿ ಮೈಗೆ ಬೀಸದಿರಲಿ, ಅದರ ತೇವಕ್ಕೆ ಹುಲ್ಲು ಬೂಸ್ಟು ಹಿಡಿಯದಂತೆಯೂ ನೋಡಿಕೊಳ್ಳಿ. ಕರೆಂಟ್ ಹೋದಾಗ ಕಿಟಕಿಗೆ ಒದ್ದೆ ಗೋಣಿ ತಟ್ಟು, ಗೂಡಿನಲ್ಲಿ ಬಟ್ಟೆ ಸುತ್ತಿದ ಹಿಮದ ಬಾಟಲಿ ನೆರವಾಗುತ್ತವೆ. ಜೊಲ್ಲು ಸುರಿಸುತ್ತ, ಏದುಸಿರು ಬಿಡುತ್ತ ಚಾಚಿ ಬಿದ್ದಿದ್ದರೆ ಕಿವಿ, ಪಾದಗಳನ್ನು ತಣ್ಣೀರಿನಿಂದ ಒರೆಸಿ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ಮಂಜುಗಡ್ಡೆಯ ನೀರು ಬೇಡ.

ಹಾಸಿಗೆಗೆ ಹಳೆಯ ಮೆತ್ತನೆಯ ಹತ್ತಿ ಬಟ್ಟೆ ಸಾಕು, ದಿನಕ್ಕೆರಡು ಸಲ ಬದಲಿಸಬೇಕು. ಎದ್ದೇಳಲಾಗದ ಪ್ರಾಣಿಯ ಹಿಂಭಾಗ ಮೂತ್ರದಿಂದ ಸುಟ್ಟಂತಾಗುತ್ತದೆ, ನೊಣ ಕೂತು ಹುಳು ಬೀಳಲೂಬಹುದು. ಉಗುರುಬೆಚ್ಚನೆಯ ನೀರಿನಿಂದ ಒರೆಸಿ, ಒಣಗಿಸಿ, ಗೂಡಿಗೆ ಸೊಳ್ಳೆ ಪರದೆ ಹೊದಿಸಿ. ಒಡೆದ ಗಡ್ಡೆಯ ಮೇಲೆ ಅರಿಶಿನ, ಎಣ್ಣೆ ಮೆತ್ತಬಾರದು, ಎಲ್ಲವನ್ನೂ ನೆಕ್ಕಿಬಿಡುತ್ತದೆ.

ನಿಲ್ಲಿಸುವ ದಿನ

ತೂಕ ಬರೆದ ಪುಸ್ತಕದಲ್ಲೇ ದಿನವೂ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ತಾನಾಗಿ ಏನಾದರೂ ತಿಂದಿತೇ, ತಾನಾಗಿ ನಡೆಯಿತೇ, ಸುತ್ತಲಿನವರತ್ತ ಗಮನ ಕೊಟ್ಟಿತೇ? ಮೂರಕ್ಕೂ ಇಲ್ಲವೆಂಬ ಉತ್ತರ ಸತತವಾಗಿ ಬರತೊಡಗಿದರೆ, ಅಥವಾ ಉಸಿರಾಟವೇ ಕಷ್ಟವಾದರೆ, ಸಿರಿಂಜಿನ ಆಹಾರ ಸಂಕಟವನ್ನಷ್ಟೇ ಲಂಬಿಸುತ್ತದೆ. ಆಗ ದಯಾಮರಣದ ಮಾತನ್ನು ವೈದ್ಯರೊಡನೆ ಎತ್ತುವುದು ಪ್ರೀತಿಯ ಕೊರತೆಯಲ್ಲ. ಮೊದಲು ಪೂರ್ತಿ ಅರಿವಳಿಕೆ ಕೊಟ್ಟು, ಪ್ರಾಣಿ ಎಚ್ಚರ ತಪ್ಪಿದ ಮೇಲೆಯೇ ಕೊನೆಯ ಚುಚ್ಚುಮದ್ದು ಕೊಡುವಿರಾ ಎಂದು ಮುಂಚಿತವಾಗಿಯೇ ಕೇಳಿಕೊಳ್ಳಿ. ಮಕ್ಕಳಿಗೆ ನಿದ್ದೆ ಮಾಡಿತು ಎನ್ನದೆ ಸತ್ತಿತು ಎಂದೇ ಹೇಳುವುದು ಲೇಸು.

ದೇಹವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಕನಿಷ್ಠ ಎರಡು ಅಡಿ ಆಳದಲ್ಲಿ ಹೂಳಬೇಕು. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುವುದರಿಂದ ಇನ್ನಷ್ಟು ಆಳ ತೋಡಿ, ಮೇಲೆ ಕಲ್ಲು ಹೇರಿದರೆ ನಾಯಿಗಳು ಕೆದಕಲಾರವು. ಚುಚ್ಚುಮದ್ದಿನ ಔಷಧ ದೇಹದಲ್ಲಿ ಉಳಿದು, ಅದನ್ನು ತಿಂದ ಪ್ರಾಣಿಗೂ ವಿಷವಾಗಬಲ್ಲದು.

ಜೋಡಿಯಾಗಿ ಸಾಕಿದ್ದರೆ ಕಾಯಿಲೆಯ ಅವಧಿಯಲ್ಲಿ ಎರಡನ್ನೂ ಬೇರ್ಪಡಿಸದೆ, ಸತ್ತ ಮೇಲೆಯೂ ಸ್ವಲ್ಪ ಹೊತ್ತು ದೇಹವನ್ನು ಮೂಸಲು ಉಳಿದದ್ದಕ್ಕೆ ಅವಕಾಶ ಕೊಡಿ. ಒಂಟಿಯಾದ ಗಿನಿ ಪಿಗ್ ತಿನ್ನುವುದನ್ನು ಬಿಡುವ ಸಾಧ್ಯತೆ ಇರುವುದರಿಂದ, ಮುಂದಿನ ಕೆಲವು ವಾರ ಅದನ್ನೂ ದಿನವೂ ತಕ್ಕಡಿಯ ಮೇಲೆ ಕೂರಿಸಿ.