ಮದುವೆ ಕಾಗದದ ಫಾಂಟ್: ಒತ್ತಕ್ಷರದಿಂದಲೇ ಶುರು

ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಪೋಸ್ಟರು. ಕಾಸರಗೋಡಿನಲ್ಲಿ ಕ್ಯಾಲಿಗ್ರಫಿ (ಅಂದದ ಕೈಬರಹದ) ಫಾಂಟಿಗೆ ಕೆಲಸ ಇರುವುದು ಇಲ್ಲೆಲ್ಲ. ಹಾಗಾಗಿ ಇಂಥ ಫಾಂಟು ಮಾಡುವಾಗ ನಾನು ಅ, ಆ, ಇ ಬಿಟ್ಟು ಕಿಞ್ಞಣ್ಣ, ಬದಿಯಡ್ಕ, ಪೆರ್ಲ, ಮಂಜೇಶ್ವರ, ಕಾಞಂಗಾಡು ಇಂಥ ಹೆಸರುಗಳಿಂದಲೇ ಬರೆಯಲು ಶುರು ಮಾಡುತ್ತೇನೆ. ಞ ಅಪರೂಪ ಎಂದು ಕೊನೆಗೆ ಅವಸರದಲ್ಲಿ ಮುಗಿಸಿದ ಫಾಂಟು ನಮ್ಮ ಕಡೆಯ ಮೊದಲ ಹೆಸರಿಗೇ ಎಡವುತ್ತದೆ.

ಬರೆಯುವುದು 3.8 ಮಿ.ಮೀ. ಅಗಲದ ಚಪ್ಪಟೆ ನಿಬ್ಬಿನ ಪೈಲಟ್ ಪ್ಯಾರಲಲ್ ಪೆನ್ನಿನಲ್ಲಿ, ನಿಬ್ಬನ್ನು 30 ಡಿಗ್ರಿ ಓರೆ ಹಿಡಿದು. ಅಕ್ಷರದ ಮೈ ನಾಲ್ಕೂವರೆ ನಿಬ್ಬಿನಷ್ಟು, ಅಂದರೆ ಸುಮಾರು 17 ಮಿ.ಮೀ. ಎತ್ತರ. ಫಾಂಟಿನ ಅಳತೆಗೆ ಆಧಾರವಾದ 1000 ಯೂನಿಟ್ಟಿನ ಚೌಕದಲ್ಲಿ ಈ ಮೈಗೆ 480 ಕೊಟ್ಟರೆ ನಿಬ್ಬಿನ ಅಗಲ 107 ಆಗುತ್ತದೆ. ನೆಟ್ಟಗೆ ಇಳಿಯುವ ಗೆರೆ 92, ಅಡ್ಡಗೆರೆ 53. ಈ ಮೂರು ಅಂಕಿ ಗೋಡೆಗೆ ಅಂಟಿಸಿಟ್ಟುಕೊಂಡರೆ ನೂರನೇ ಅಕ್ಷರದಲ್ಲೂ ದಪ್ಪ ಹದ ತಪ್ಪುವುದಿಲ್ಲ. ನಿಬ್ಬಿನ ಅಂಚಿನಲ್ಲಿ ಬರುವ ಅತಿ ತೆಳು ಗೆರೆ ಮಾತ್ರ ಕಾಗದದ ಮೇಲೆ ಎಷ್ಟು ಚೆಂದವೋ ಅಚ್ಚಿನಲ್ಲಿ ಅಷ್ಟೇ ಅಪಾಯ. 20 ಯೂನಿಟ್ಟಿನ ಗೆರೆ 12 ಪಾಯಿಂಟಿಗೆ ಇಳಿದಾಗ 0.24 ಪಾಯಿಂಟ್ ಉಳಿಯುತ್ತದೆ. ಮೆರೂನ್ ಕಾರ್ಡಿನ ಮೇಲೆ ಚಿನ್ನದ ಬಣ್ಣದ ಸ್ಕ್ರೀನ್ ಪ್ರಿಂಟ್ ಹೊಡೆದರೆ ಅದು ತುಂಡು ತುಂಡಾಗುತ್ತದೆ. ದೊಡ್ಡ ಅಕ್ಷರಗಳಲ್ಲಿ 34 ಯೂನಿಟ್ಟಿಗಿಂತ ಕೆಳಗೆ ನಾನು ಇಳಿಸುವುದಿಲ್ಲ.

ಸ್ಕ್ಯಾನ್ 600 ಡಿಪಿಐ ಸಾಕು. ಆಟೋ ಟ್ರೇಸ್ (ಚಿತ್ರದ ಅಂಚನ್ನು ತಾನಾಗಿಯೇ ಗೆರೆಯಾಗಿಸುವುದು) ಕೊಟ್ಟದ್ದನ್ನು ಹಿನ್ನೆಲೆಯಲ್ಲಿಟ್ಟು, ಫಾಂಟ್ ಮಾಡುವ ತಂತ್ರಾಂಶ ಫಾಂಟ್‌ಫೋರ್ಜ್‌ನಲ್ಲಿ ಕೈಯಾರೆ ಮತ್ತೆ ಎಳೆಯಬೇಕು. ಟ್ರೇಸ್ ಮಾಡಿದ ‘ಕ’ದಲ್ಲಿ ಶಾಯಿಯ ನಡುಕವೂ ಬಿಂದುಗಳಾಗಿ ಕೂತಿರುತ್ತದೆ. ತಿರುವಿನ ತುತ್ತತುದಿಗಳಲ್ಲಿ ಬಿಂದು ಇಟ್ಟು ಎಳೆದರೆ ಇಪ್ಪತ್ತು ಬಿಂದುಗಳ ಆಸುಪಾಸಿನಲ್ಲಿ ಮುಗಿಯುತ್ತದೆ.

ಈಗ ನಿಜವಾದ ಕೆಲಸ. 34 ವ್ಯಂಜನ, ಜೊತೆಗೆ ಕ್ಷ, ಜ್ಞ ಸೇರಿ 36. ಒಂದೊಂದಕ್ಕೂ ಪೂರ್ಣ ರೂಪ, ತಲೆಕಟ್ಟಿಲ್ಲದ ರೂಪ, ಗುಡಿಸಿನ ರೂಪ, ಒತ್ತು ಎಂದು ಹಿಡಿದರೆ 144. ಖ, ಜ, ಞ, ಟ, ಣ, ಬ, ಲ ಇವಕ್ಕೆ ತಲೆಕಟ್ಟೇ ಇಲ್ಲದ್ದರಿಂದ ಸ್ವಲ್ಪ ಉಳಿತಾಯ. ಆದರೆ ಕಿ, ತಿ, ನಿ ಒಂದೇ ಎಳೆತದಲ್ಲಿ ಬರೆದದ್ದಾಗಿರಬೇಕು. ತಲೆಕಟ್ಟು ಕತ್ತರಿಸಿ ಗುಡಿಸು ಅಂಟಿಸಿದರೆ ಬೆಸುಗೆ ಕಣ್ಣಿಗೆ ಹೊಡೆಯುತ್ತದೆ. ಪ, ವಗಳ ಕೊಂಬು ಬುಡದಿಂದ ಏಳಲಿ. ಉಳಿದ ಅಕ್ಷರಗಳಂತೆ ಬದಿಗೆ ಅಂಟಿಸಿದರೆ ‘ವು’ ಹೋಗಿ ‘ಮ’ ಆಗುತ್ತದೆ, ‘ಹೂವು’ ‘ಹೂಮ’ ಆಗುತ್ತದೆ.

ಒತ್ತನ್ನು ದೊಡ್ಡ ಅಕ್ಷರ ಕುಗ್ಗಿಸಿ ಮಾಡಬಾರದು. 55 ಪ್ರತಿಶತಕ್ಕೆ ಕುಗ್ಗಿಸಿದರೆ 34ರ ತೆಳುಗೆರೆ 19ಕ್ಕೆ ಬೀಳುತ್ತದೆ, ಒತ್ತು ರೋಗ ಬಂದಂತೆ ಕಾಣುತ್ತದೆ. 2.4 ಮಿ.ಮೀ. ನಿಬ್ಬಿನಲ್ಲಿ ಬೇರೆಯೇ ಬರೆದು, ತೆಳುಗೆರೆಗಳನ್ನು ಕೈಯಿಂದ 30ರ ಹತ್ತಿರಕ್ಕೆ ತರುತ್ತೇನೆ. ರಾಷ್ಟ್ರ, ಶಾಸ್ತ್ರ ಎರಡು ಒತ್ತಿನವು. ಅವುಗಳ ತಳ ಅಳೆದು ವಿನ್-ಡಿಸೆಂಟ್ (ಗೆರೆಯ ಕೆಳಗೆ ವಿಂಡೋಸ್ ಬಿಡುವ ಜಾಗ) ಬೆಲೆ ಕೊಡಬೇಕು. ನನ್ನದು 450. ಕಡಿಮೆ ಕೊಟ್ಟರೆ ವಿಂಡೋಸ್‌ನಲ್ಲಿ ಒತ್ತಿನ ಬುಡ ಕತ್ತರಿಸಿಹೋಗುತ್ತದೆ.

ಬಳುಕು ಎಲ್ಲಿರಬೇಕು? ದೀರ್ಘದ ಬಾಲ, ಕೊಂಬಿನ ಇಳಿ, ಅರ್ಕಾವೊತ್ತು, ಎಲ್ಲಕ್ಕಿಂತ ಮೇಲಾಗಿ ರ ಒತ್ತು. ಅದರ ಬಾಲವನ್ನು ಎಡಕ್ಕೆ ಉದ್ದ ಎಳೆದರೆ ‘ಶ್ರೀ’ಗೆ ಕಳೆ ಬರುತ್ತದೆ. ಅದೇ ಬಾಲ ‘ಕೃಷ್ಣಪ್ರಸಾದ’ದಲ್ಲಿ ಹಿಂದಿನ ಣ ಒತ್ತಿಗೆ ಹೋಗಿ ಗುದ್ದುತ್ತದೆ. ಆದ್ದರಿಂದ ರ ಒತ್ತಿಗೆ ಉದ್ದ, ಗಿಡ್ಡ ಎರಡು ರೂಪ ಬೇಕು. ಹಿಂದಿನ ಅಕ್ಷರಕ್ಕೆ ಒತ್ತೋ ವಟ್ರಸುಳಿಯೋ ಇದ್ದರೆ ಗಿಡ್ಡದ್ದೇ ಬರಲಿ ಎಂದು ಓಪನ್‌ಟೈಪ್ ಫಾಂಟ್ ಮಾದರಿಯ ಸಿ-ಎ-ಎಲ್-ಟಿ (ಅಕ್ಕಪಕ್ಕದ ಅಕ್ಷರ ನೋಡಿ ರೂಪ ಬದಲಿಸುವ) ಫೀಚರಿನಲ್ಲಿ ನಿಯಮ ಬರೆಯುತ್ತೇನೆ. ಪದದ ನಡುವೆ ಎಲ್ಲ ಕಡೆ ಬಳುಕಿಸುವ ಚಪಲ ಬೇಡ. ಮೊದಲಕ್ಷರ, ಕೊನೆಯಕ್ಷರ ಸಾಕು.

ತುಳುವಿನ ಪೋಸ್ಟರಿಗೂ ಇದೇ ಫಾಂಟು ಬಳಸುವುದರಿಂದ ‘ಇಲ್ಲ್’ (ಮನೆ) ಎಂಬಂಥ ಪದಗಳನ್ನು ಮರೆಯುವಂತಿಲ್ಲ. ಕೊನೆಯ ಅರ್ಧಾಕ್ಷರದ ಕೊಕ್ಕೆ ಒತ್ತಿನ ಬಳಿ ತೂಗಾಡದೆ ಮೇಲಿನ ‘ಲ’ದ ತಲೆಗೇ ಕೂರಬೇಕು. ಅಕ್ಷರ ಜೋಡಿಸುವ ತಂತ್ರಾಂಶ ಹಾರ್ಫ್‌ಬಜ್‌ನಲ್ಲಿ ಗ್ಲಿಫ್‌ಗಳು (ಅಕ್ಷರದ ರೂಪಗಳು) ಯಾವ ಸರದಿಯಲ್ಲಿ ಬರುತ್ತವೆ ಎಂದು ನೋಡಿಯೇ ನಿಯಮ ಬರೆಯಬೇಕು, ಊಹೆಯ ಮೇಲೆ ಬೇಡ.

ಬಳಸುವವರಿಗೆ: ನುಡಿ ತಂತ್ರಾಂಶದ ಹಳೆಯ ಎನ್ಕೋಡಿಂಗಿನಲ್ಲಿ ಟೈಪ್ ಮಾಡಿದ ಮ್ಯಾಟರನ್ನು ಯೂನಿಕೋಡಿಗೆ ಬದಲಿಸದೆ ಈ ಫಾಂಟು ಹಾಕಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಸ ಕಾಣಿಸುತ್ತದೆ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತು ಬಿಡಿಬಿಡಿಯಾಗುತ್ತದೆ. ಟ್ರ್ಯಾಕಿಂಗ್ ಸೊನ್ನೆಯಲ್ಲೇ ಇರಲಿ. ಅಕ್ಷರಗಳ ನಡುವೆ ಜಾಗ ಬಿಡಿಸಿದರೆ ಕೂಡಿದ ಗೆರೆಗಳು ಕಡಿಯುತ್ತವೆ. ವಧೂವರರ ಹೆಸರು 24, ತಲೆಬರಹ 32 ಪಾಯಿಂಟ್ ಒಪ್ಪುತ್ತದೆ. ಮುಹೂರ್ತ, ಸ್ಥಳ, ಬಂಧುಗಳ ಹೆಸರಿನ ಪಟ್ಟಿಗೆ ಸರಳವಾದ ಬೇರೆ ಫಾಂಟು ಹಾಕಿ. ಅಜ್ಜಂದಿರು ಕನ್ನಡಕ ಹುಡುಕುವಂತಾಗಬಾರದು. ಎದುರು ಪುಟದಲ್ಲಿ ಮಲಯಾಳಂ ಇದ್ದರೆ ಪಾಯಿಂಟ್ ಅಂಕಿ ಒಂದೇ ಎಂದು ನಂಬದೆ, ಅಕ್ಷರದ ಮೈಯ ಎತ್ತರ ಕಣ್ಣಳತೆಯಲ್ಲಿ ಸರಿದೂಗಿಸಿ. ಪ್ರೆಸ್ಸಿಗೆ ಕೊಡುವ ಪಿಡಿಎಫ್‌ನಲ್ಲಿ ಅಕ್ಷರಗಳನ್ನು ಔಟ್‌ಲೈನ್ (ಬರೀ ಗೆರೆಚಿತ್ರ) ಮಾಡಿಯೇ ಕಳುಹಿಸಿ, ತಿದ್ದಲು ಬರುವ ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಪ್ರೂಫ್ ನೋಡಿದ ಮೇಲೂ ಮುಹೂರ್ತದ ಗಳಿಗೆ ಬದಲಾಯಿತೆಂದು ಫೋನ್ ಬರುವುದುಂಟು.