ಚಂದಾ ಕೇಳುವ ಮೊದಲು ಓದುಗರ ಜೂನ್ ತಿಂಗಳು ನೋಡಿ

ಆನ್‌ಲೈನ್‌ನಲ್ಲಿ ಸ್ವಂತವಾಗಿ ಬರೆದು ತಿಂಗಳ ಚಂದಾ ಪಡೆಯುವ ಕಾಸರಗೋಡಿನ ಗೆಳೆಯರಿಗೆ ಒಂದು ಸಲಹೆ. ಈ ಮಳೆಗಾಲದಲ್ಲಿ ದರ ಏರಿಸಬೇಡಿ.

ಕುಂಬಳೆ, ಬದಿಯಡ್ಕ ಕಡೆಯ ಓದುಗರ ಖರ್ಚು ನಿಮಗೇ ಗೊತ್ತಲ್ವಾ? ಜೂನ್‌ನಲ್ಲಿ ಶಾಲೆ ಶುರು. ಪುಸ್ತಕ, ಕೊಡೆ, ಬ್ಯಾಗು. ಅದರ ಬೆನ್ನಿಗೇ ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಹೊಡೆಸಬೇಕು. ಚಂದಾ ಮೊದಲು ಕೈಬಿಡುವುದು ಆಗಲೇ.

ರಿಸರ್ವ್ ಬ್ಯಾಂಕಿನ ನಿಯಮದಂತೆ, ಖಾತೆಯಿಂದ ದುಡ್ಡು ತಾನಾಗಿ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಹೋಗಬೇಕು. ಅದನ್ನು ನೋಡಿದಾಗಲೇ ಎಷ್ಟೋ ಜನ ‘ಇದು ಬೇಕಾ?’ ಎಂದು ಯೋಚಿಸುತ್ತಾರೆ. ಹಾಗಾಗಿ ಒಂದು ವಾರ ಮೊದಲೇ ನೀವೇ ಬರೆಯಿರಿ. ಹೀಗೆ:

“ಈ ತಿಂಗಳು ಕಷ್ಟ ಇದ್ದರೆ ಚಂದಾ ನಿಲ್ಲಿಸಿ, ಬೇಸರ ಇಲ್ಲ. ಓದಲು ಬೇಕೆಂದು ಒಂದು ಸಾಲು ಬರೆದರೆ ಸಾಕು, ಸುಮ್ನೆ ಕಳಿಸುತ್ತೇನೆ.”

ಕಾರಣ ಮಾತ್ರ ಕೇಳಬೇಡಿ. ಕೇಳಿದರೆ ಸಂಕೋಚದಿಂದ ಅವರು ಪೂರ್ತಿ ದೂರವಾಗುತ್ತಾರೆ.

ವರ್ಷದ ಚಂದಾವನ್ನೂ ಇಡಿ, ಆದರೆ ಅದನ್ನು ಕೇಳುವುದು ಅಡಿಕೆ ಮಾರಿ ಕೈಗೆ ದುಡ್ಡು ಬಂದ ಮೇಲೆ. ಬರಹವನ್ನು ಓದುಗರಿಗೆ ಕಳಿಸಿ ಚಂದಾ ಪಡೆದುಕೊಡುವ ಸಬ್‌ಸ್ಟ್ಯಾಕ್‌ನಂಥ ತಾಣ ಆ ಚಂದಾದಲ್ಲಿ ಶೇ. 10 ಇಟ್ಟುಕೊಳ್ಳುತ್ತದೆ, ಪಾವತಿ ಶುಲ್ಕ ಬೇರೆ. ನಿಮ್ಮ ಲೆಕ್ಕ ಅದನ್ನೆಲ್ಲ ಕಳೆದ ಮೇಲಿನದ್ದಾಗಿರಲಿ.

ನಿಮಗೇ ಆರೋಗ್ಯ ಸರಿಯಿಲ್ಲದೆ ಬರೆಯಲು ಆಗದಿದ್ದರೆ ಆ ತಿಂಗಳ ಹಣ ತೆಗೆದುಕೊಳ್ಳುವುದನ್ನು ತಡೆಹಿಡಿಯಿರಿ. ಓದುಗರ ಇಮೇಲ್ ಪಟ್ಟಿಯ ಪ್ರತಿ ಮಾತ್ರ ಯಾವಾಗಲೂ ನಿಮ್ಮ ಕಂಪ್ಯೂಟರಿನಲ್ಲಿ ಇರಲಿ.