ಸಿಪಿಎಲ್ ತರಬೇತಿಯ ನಡುವೆ ಏರೋಬ್ಯಾಟಿಕ್ಸ್ ಕಲಿಯುವ ಬಗೆ

ಯಲಹಂಕದ ಏರೋ ಇಂಡಿಯಾದಲ್ಲಿ ಸೂರ್ಯಕಿರಣ ತಂಡದ ಒಂಬತ್ತು ವಿಮಾನಗಳು ಒಟ್ಟಿಗೇ ಮಗುಚುವುದನ್ನು ಕಂಡು ಪೈಲಟ್ ಆಗಬೇಕೆಂದು ಹೊರಟವರು ನಮ್ಮಲ್ಲಿ ಬಹಳ ಮಂದಿ. 1996ರಲ್ಲಿ ಬೀದರ್‌ನಲ್ಲಿ ರೂಪುಗೊಂಡ ಆ ತಂಡವನ್ನು ಸೇರಲು ಮೊದಲು ವಾಯುಪಡೆಗೆ ಸೇರಬೇಕು. ಏರ್‌ಲೈನ್ ನೌಕರಿಗಾಗಿ ಸಾಲ ಮಾಡಿ ಅಮೆರಿಕದಲ್ಲಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ತರಬೇತಿ ಪಡೆಯುವ ನಮ್ಮಂಥವರಿಗೆ ಏರೋಬ್ಯಾಟಿಕ್ಸ್, ಅಂದರೆ ವಿಮಾನವನ್ನು ಮಗುಚಿ ಸುತ್ತಿಸುವ ಕಸರತ್ತು, ಬೇಕಾಗುವುದು ಬೇರೆಯದೇ ಕಾರಣಕ್ಕೆ.

2009ರ ಜೂನ್‌ನಲ್ಲಿ ಏರ್ ಫ್ರಾನ್ಸ್ 447 ವಿಮಾನ ಸ್ಟಾಲ್ ಆದ (ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡ) ಸ್ಥಿತಿಯಲ್ಲಿಯೇ ಮೂರು ನಿಮಿಷಕ್ಕೂ ಹೆಚ್ಚು ಕಾಲ ಕೆಳಗಿಳಿದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದಾಗ 228 ಜನ ಸತ್ತರು. ಹಾರಿಸುತ್ತಿದ್ದ ಪೈಲಟ್ ಬಹುಪಾಲು ಹೊತ್ತು ಮೂಗನ್ನು ಇಳಿಸಬೇಕಾದಲ್ಲಿ ಮೇಲಕ್ಕೇ ಎಳೆದಿದ್ದರು. ಹತೋಟಿ ತಪ್ಪಿದ ವಿಮಾನವನ್ನು ಮರಳಿ ಹಿಡಿಯುವ ತರಬೇತಿಯನ್ನು ಯುರೋಪ್ 2019ರ ಡಿಸೆಂಬರ್‌ನಿಂದ ಹೊಸ ಕಮರ್ಷಿಯಲ್ ಪೈಲಟ್‌ಗಳಿಗೆ ಕಡ್ಡಾಯಗೊಳಿಸಿದ್ದು ಇಂತಹ ಅಪಘಾತಗಳ ಹಿನ್ನೆಲೆಯಲ್ಲಿಯೇ, ಮತ್ತು ಅದರಲ್ಲಿ ಕನಿಷ್ಠ ಮೂರು ಗಂಟೆಯನ್ನು ನಿಜವಾದ ವಿಮಾನದಲ್ಲೇ ಹಾರಬೇಕು.

ಪ್ರೈವೇಟ್ ಲೈಸೆನ್ಸ್ ಕೈಗೆ ಬಂದ ಮೇಲೆ, ಹಾರಾಟದ ಗಂಟೆ ಕೂಡಿಸುವ ಅವಧಿಯಲ್ಲಿ ಇದನ್ನು ಕಲಿಯುವುದು ಒಳ್ಳೆಯದು. ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ಸಿಪಿಎಲ್‌ಗೆ ಕೇಳುವ 200 ಗಂಟೆಗಳಲ್ಲಿ ಒಂದಿಷ್ಟನ್ನು ಒಂದೇ ಊರಿಗೆ ಹೋಗಿಬರುತ್ತ ಸುಡುವವರೇ ಹೆಚ್ಚು. ಅದರಲ್ಲಿ ಹತ್ತು ಗಂಟೆಯನ್ನು ಏರೋಬ್ಯಾಟಿಕ್ಸ್‌ಗೆ ಎತ್ತಿಡಿ. ಆದರೆ ಬೋಧಕರೊಂದಿಗೆ ಹಾರಿದ್ದನ್ನು ಲಾಗ್‌ಬುಕ್ಕಿನಲ್ಲಿ ಡ್ಯುಯಲ್ ಎಂದೇ ಬರೆದು, ಪೈಲಟ್-ಇನ್-ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ ಬೇಕಾದ 100 ಗಂಟೆಯನ್ನು ಬೇರೆಯಾಗಿಯೇ ಪೂರೈಸಬೇಕು. ಇನ್‌ಸ್ಟ್ರುಮೆಂಟ್ ಮತ್ತು ಮಲ್ಟಿ-ಎಂಜಿನ್ ತರಬೇತಿಯ ಹಣವನ್ನು ಮಾತ್ರ ಇದಕ್ಕೆ ಮುಟ್ಟಬಾರದು. ಕೆಲಸ ಕೊಡಿಸುವುದು ಅವೇ, ಲೂಪ್ (ಆಕಾಶದಲ್ಲಿ ನಿಂತ ವೃತ್ತ ಸುತ್ತುವುದು) ಅಲ್ಲ. ಭಾರತಕ್ಕೆ ಮರಳಿದ ಮೇಲೆ ಕಲಿಯೋಣವೆಂದು ಮುಂದೂಡಲೂಬಾರದು, ಏಕೆಂದರೆ ನಾಗರಿಕರಿಗೆ ಇಲ್ಲಿ ಅಂತಹ ಅವಕಾಶ ತೀರಾ ಕಡಿಮೆ.

ವಿಮಾನದ ವಿಷಯದಲ್ಲಿ ರಾಜಿ ಬೇಡ. ದಿನವೂ ಹಾರಿಸುವ ಸೆಸ್ನಾ 172ರ ಮಿತಿ ನಾರ್ಮಲ್ ಕೆಟಗರಿಯಲ್ಲಿ 3.8 ಜಿ (ಭೂಮಿಯ ಗುರುತ್ವದ 3.8ರಷ್ಟು ಬಲ), ಏರೋಬ್ಯಾಟಿಕ್ಸ್‌ಗೆಂದೇ ಇರುವ ಸೂಪರ್ ಡೆಕಾಥ್ಲಾನ್ ಮೇಲ್ಮುಖವಾಗಿ 6, ಕೆಳಮುಖವಾಗಿ 5 ಜಿ ತಡೆಯುತ್ತದೆ. ರೋಲ್ (ವಿಮಾನ ಮುಂದೆ ಸಾಗುತ್ತಲೇ ಪಕ್ಕಕ್ಕೆ ಪೂರ್ತಿ ಉರುಳುವುದು) ಸರಿಯಾಗಿ ಬಂದರೆ ಹೆಚ್ಚು ಜಿ ಬೀಳುವುದಿಲ್ಲ. ಅರ್ಧದಲ್ಲಿ ಕೆಟ್ಟರೆ ಮೂಗು ನೆಲ ನೋಡುತ್ತದೆ, ವೇಗ ಓಡುತ್ತದೆ, ಹೆದರಿ ಎಳೆದಾಗ ರೆಕ್ಕೆಯೇ ಮುರಿಯಬಹುದು. ಡೆಕಾಥ್ಲಾನ್‌ಗೆ ಬಾಲದಲ್ಲಿ ಚಕ್ರವಿರುವುದರಿಂದ ಅಂಥ ವಿಮಾನ ಹಾರಿಸುವ ಅನುಮತಿಗೆ ಮೊದಲು ಕೆಲವು ಗಂಟೆ ಹೋಗುತ್ತವೆ. ಅದು ದಂಡವಲ್ಲ, ಮಲಗಿದ್ದ ಕಾಲುಗಳು ಅಲ್ಲಿ ರಡ್ಡರ್ (ಕಾಲಿನಿಂದ ಒತ್ತಿ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕ) ಕಲಿಯುತ್ತವೆ.

ಮೊದಲ ಪಾಠ ಸ್ಪಿನ್ (ಸ್ಟಾಲ್ ಆದ ವಿಮಾನ ಸುತ್ತುತ್ತ ಬೀಳುವುದು) ಆಗಿರಲಿ. ಲೂಪ್‌ನಿಂದ ಶುರುಮಾಡುವ ಬೋಧಕರನ್ನು ನಾನು ಒಪ್ಪುವುದಿಲ್ಲ. ಸಾಕಷ್ಟು ಎತ್ತರದಲ್ಲಿ ಪವರ್ ತೆಗೆದು, ಮೂಗನ್ನು ಎತ್ತಿ ಹಿಡಿದು, ಸ್ಟಾಲ್ ಆಗುವ ಕ್ಷಣಕ್ಕೆ ಎಡ ರಡ್ಡರನ್ನು ಪೂರ್ತಿ ಒತ್ತಿದರೆ ವಿಮಾನ ಎಡಕ್ಕೆ ಉರುಳಿ ಬೀಳುತ್ತದೆ, ಕೆಳಗಿನ ಹೊಲಗಳು ಬುಗುರಿಯಂತೆ ತಿರುಗತೊಡಗುತ್ತವೆ. ನನ್ನ ಮೊದಲ ಸ್ಪಿನ್‌ನಲ್ಲಿ ಕೈ ತಾನಾಗಿಯೇ ಸ್ಟಿಕ್ಕನ್ನು ಬಲಕ್ಕೆ ನೂಕಿತ್ತು. ಬಿದ್ದ ರೆಕ್ಕೆಯನ್ನು ಏಲೆರಾನ್‌ನಿಂದ, ಅಂದರೆ ಸ್ಟಿಕ್ಕಿಗೆ ಅಲುಗುವ ರೆಕ್ಕೆಯಂಚಿನ ಫಲಕದಿಂದ, ಎತ್ತುವ ಈ ಸಹಜ ಬುದ್ಧಿಯೇ ಸ್ಪಿನ್ನನ್ನು ಇನ್ನಷ್ಟು ಹದಗೆಡಿಸಬಲ್ಲದು. ಹಿಂದಿನ ಸೀಟಿನಿಂದ ಬೋಧಕರು ಭುಜ ತಟ್ಟಿ, "ಕೈ ನಡುವಿಗೆ" ಎಂದರು. ಪವರ್ ಪೂರ್ತಿ ಇಳಿಸುವುದು, ಏಲೆರಾನ್ ನಡುವಿಗೆ ತರುವುದು, ತಿರುಗುವ ದಿಕ್ಕಿಗೆ ವಿರುದ್ಧವಾದ ರಡ್ಡರನ್ನು ಪೂರ್ತಿ ಒತ್ತುವುದು, ಸ್ಟಿಕ್ಕನ್ನು ಮುಂದಕ್ಕೆ ಕೊಡುವುದು, ತಿರುಗುವಿಕೆ ನಿಂತೊಡನೆ ರಡ್ಡರ್ ಬಿಟ್ಟು ಮೆಲ್ಲಗೆ ಮೇಲಕ್ಕೆಳೆಯುವುದು: ಸಾಮಾನ್ಯ ಕ್ರಮ ಇದು. ಆಯಾ ವಿಮಾನದ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯದೇ ಅಂತಿಮ ಮಾತು.

ನಂತರ ಲೂಪ್. ಡೆಕಾಥ್ಲಾನ್‌ನಲ್ಲಿ ಗಂಟೆಗೆ ಸುಮಾರು 140 ಮೈಲಿ ವೇಗದಿಂದ ಸುಮಾರು ಮೂರೂವರೆ ಜಿಯಲ್ಲಿ ಎಳೆದು, ಕಣ್ಣನ್ನು ಎಡರೆಕ್ಕೆಯ ತುದಿಗೆ ಹೊರಳಿಸಿ, ಲೂಪ್‌ನ ನೆತ್ತಿಯಲ್ಲಿ ಸ್ಟಿಕ್ಕನ್ನು ತುಸು ಸಡಿಲಿಸಬೇಕು. ಅಲ್ಲಿಯೂ ಬಿಗಿಯಾಗಿ ಎಳೆದರೆ ತಲೆಕೆಳಗಾಗಿಯೇ ಸ್ಟಾಲ್ ಆಗುತ್ತದೆ. ಸ್ಟಾಲ್ ವೇಗವು ಜಿಯ ವರ್ಗಮೂಲದಂತೆ ಏರುವುದರಿಂದ 4 ಜಿಯಲ್ಲಿ ಅದು ಎರಡರಷ್ಟಾಗುತ್ತದೆ. ಈ ಸೂತ್ರವನ್ನು ಪರೀಕ್ಷೆಗೆ ಉರುಹೊಡೆದಿದ್ದ ನನಗೆ ಅದರ ಅರ್ಥವಾದದ್ದು ಸೀಟಿನಡಿ ವಿಮಾನ ನಡುಗಿದಾಗಲೇ.

ರೋಲ್ ಕಲಿಯುವಾಗ ನನ್ನ ಜೇಬಿನ ಪೆನ್ನು ತೇಲಿಬಂದು ಕಣ್ಣೆದುರೇ ಒಂದು ಕ್ಷಣ ನಿಂತಿತು, ಆಮೇಲೆ ಸೀಟಿನಡಿ ಬಿದ್ದು ಕಾಣೆಯಾಯಿತು. ಅದು ಸ್ಟಿಕ್ಕಿನ ಬುಡಕ್ಕೆ ಸಿಕ್ಕಿಕೊಂಡಿದ್ದರೆ ಎಂಬ ಯೋಚನೆಯಲ್ಲಿ ಆ ದಿನದ ಪಾಠ ಅಲ್ಲಿಗೇ ಮುಗಿಯಿತು. ಹತ್ತುವ ಮುನ್ನ ಜೇಬುಗಳನ್ನು ಖಾಲಿ ಮಾಡಿ. ಹೊಟ್ಟೆಯನ್ನು ಮಾತ್ರ ಖಾಲಿ ಬಿಡಬೇಡಿ. ಎರಡು ಇಡ್ಲಿಯಷ್ಟು ತಿಂದು ಹೋದರೆ ವಾಕರಿಕೆ ಕಡಿಮೆ. ಮೊದಮೊದಲು ಅರ್ಧ ಗಂಟೆ ಸಾಕು. ಎಳೆಯುವ ಮೊದಲೇ ತೊಡೆ, ಹೊಟ್ಟೆಗಳನ್ನು ಬಿಗಿಹಿಡಿಯಿರಿ. ಕಣ್ಣು ಮಂಜಾಗತೊಡಗಿದರೆ ಎಳೆತವನ್ನು ಸಡಿಲಿಸಿ.

ಅಮೆರಿಕದ ನಿಯಮದಂತೆ ನೆಲದಿಂದ 1,500 ಅಡಿಗಿಂತ ಕೆಳಗೆ, ಜನವಸತಿಯ ಮೇಲೆ, ಮೂರು ಮೈಲಿಗಿಂತ ಕಡಿಮೆ ಗೋಚರತೆಯಲ್ಲಿ ಏರೋಬ್ಯಾಟಿಕ್ಸ್ ನಿಷಿದ್ಧ. ಅದು ಕಾನೂನಿನ ಕನಿಷ್ಠ. ಕಲಿಯುವವರು ಅದಕ್ಕಿಂತ ಬಹಳ ಮೇಲಿರಬೇಕು. ಇಬ್ಬರು ಹಾರುವಾಗ 60 ಡಿಗ್ರಿ ವಾಲಿಕೆ ಅಥವಾ 30 ಡಿಗ್ರಿ ಮೂಗೇರು-ಮೂಗಿಳಿತ ದಾಟುವುದಾದರೆ ಸಾಮಾನ್ಯವಾಗಿ ಪ್ಯಾರಾಚೂಟ್ ಕಡ್ಡಾಯ. ಈಗಿನ ಸಿಂಥೆಟಿಕ್ ಪ್ಯಾರಾಚೂಟನ್ನು 180 ದಿನಗಳೊಳಗೆ ಮರುಮಡಚಿರಬೇಕು. ಮರುಮಡಚಿದ ಚೀಟಿಯ ಮೇಲಿನ ದಿನಾಂಕವನ್ನು ತೊಡುವ ಮೊದಲು ನೀವೇ ಓದಿ. ನಿಮಗಾಗಿ ಬೇರೆ ಯಾರೋ ಓದಿರುತ್ತಾರೆಂದು ಬೆನ್ನಿಗೇರಿಸಬೇಡಿ.